ಕ್ಯಾಮೆರಾ ಆನ್ ಐತಾ ಸಾರ್

ಅಯ್ಯೋ, ಕೂತ್ಕೊ ಅಂದ್ರೆ ಕೂತ್ಕೊಳೋ ಭೀಮರಾಜ. ನಿಮ್ಮ ಫ್ಯಾಕ್ಟರಿ ಟೀ ಟೈಮು ಇನ್ನೂ ಇಪ್ಪತ್ತು ನಿಮಿಷ ಐತೆ, ಗೇಟ್‌ನಾಗೆ ಕೇಳ್ಕೊಂಡೇ ಬಂದಿದೀನಿ. ಯೂನಿಫಾರ್ಮ್ ಇಲ್ದೆ ಗುರುತು ಸಿಗ್ಲಿಲ್ವಾ? ಮುನಿಕೃಷ್ಣ ಕಣೋ, ಹೆಡ್ ವಾರ್ಡರ್ ಮುನಿಕೃಷ್ಣ. ನಾಲ್ಕು ತಿಂಗಳು ನಿನ್ನ ಬ್ಯಾರಕ್ ಬೀಗ ಹಾಕಿ ತೆಗೆದೋನು. ಪ್ಯಾಂಟು ಶರ್ಟು ಹಾಕ್ಕೊಂಡ್ರೆ ನಾನೂ ಈಗತಾನೆ ಬಿಡುಗಡೆ ಆದೋನ್ ಥರಾ ಕಾಣ್ತೀನಂತೆ. ನಮ್ಮನೆಯವಳು ಹೇಳ್ತಾಳೆ.

ಟೀ ಕುಡಿ. ಎಡಗೈಲೇ ಕುಡಿ, ಅದಕ್ಕೇನಂತೆ... ಬಲಗೈ ಬೆರಳು ಇನ್ನೂ ಮಡಚೋಕೆ ಆಗಲ್ವಾ? ಹೂಂ. ಲೋಟ ತಗೊಳ್ವಾಗ್ಲೇ ನೋಡ್ದೆ.

ಸೋಮವಾರ ನಿನ್ನ ಕೈ ಮುರಿದಿದ್ದರ ಎನ್‌ಕ್ವೈರಿಗೆ ನಿನ್ನ ಕರೆದವ್ರಂತಲ್ಲ. ನನ್ನೂ ಕರೆದವ್ರೆ, ವಾರ್ಡರ್ ಅಂಬರೀಶನ್ನೂ ಕರೆದವ್ರೆ. ಅದಕ್ಕೇ ಬಂದೆ. ಹಂಗೆ ನೋಡ್ಬೇಡ ಮಾರಾಯ, ಹೆದರಿಸೋಕೆ ಬಂದಿಲ್ಲ. ನನ್ನ ಮೊಮ್ಮಗಳೇ ನನಗೆ ಹೆದರಲ್ಲ, ನೀನೇನು ಹೆದರ್ತೀಯ.

ನಮ್ಮ ಜೈಲಲ್ಲಿ ಎಷ್ಟು ಕ್ಯಾಮೆರಾ ಅವೆ ಗೊತ್ತಾ ನಿನಗೆ? ಮೂವತ್ತೆರಡು. ಅದ್ರಲ್ಲಿ ಒಂದು ಎರಡು ವರ್ಷದಿಂದ ಹುಣಸೆ ಮರಾನೇ ಕಾಯ್ಕೊಂಡೈತೆ. ಮರ ಇನ್ನೂ ತಪ್ಪಿಸ್ಕೊಂಡಿಲ್ಲ. ಗೇಟ್ ಹತ್ರದ್ದರ ಮೇಲೆ ಪಾರಿವಾಳ ಮರಿ ಮಾಡಿತ್ತು. ತಪಾಸಣೆಗೆ ಬಂದ ಸಾಹೇಬ್ರು ಟಿವಿ ಮುಂದೆ ಕೂತು ಅರ್ಧ ಗಂಟೆ ಮರೀನೇ ನೋಡಿ, ಎಲ್ಲ ಚೆನ್ನಾಗೈತೆ ಅಂತ ಸೈನ್ ಹಾಕಿ ಹೋದ್ರು. ಅಡುಗೆಮನೆ ಹಿಂದೆ ಸಿಲಿಂಡರ್ ಶೆಡ್ಡಲ್ಲಿ ಮಾತ್ರ ಒಂದೂ ಇಲ್ಲ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡು.

ಆಮೇಲೆ ಈ ಎದೆಗೆ ಸಿಕ್ಕಿಸೋ ಕ್ಯಾಮೆರಾ ಬಂತು. ನನ್ನ ಹೊಟ್ಟೆ ದಪ್ಪಕ್ಕೆ ಅದು ಬರೀ ಆಕಾಶ ನೋಡೋದು. ಕೈದಿ ಹತ್ರ ಹೋಗ್ವಾಗ ಆನ್ ಮಾಡ್ಬೇಕು, ಆಫ್ ಮಾಡಿದ್ರೆ ಯಾಕೆ ಅಂತ ಬರೀಬೇಕು ಅಂದ್ರು. ಬರೆದ್ವಪ್ಪ. ಹದಿನೆಂಟು ಜನಾನೂ ಒಂದೇ ಕಾರಣ ಬರೆದ್ವಿ, ಬ್ಯಾಟರಿ ಇಲ್ಲ. ಒಬ್ಬ ಅಂತೂ ಕ್ಯಾಮೆರಾ ಕೈಗೆ ಬರೋಕೆ ಮುಂಚೇನೇ ಬರೆದಿಟ್ಟಿದ್ದ.

ನಗೋ. ಒಳಗಿದ್ದಾಗ ನನ್ನ ಮಾತಿಗೆ ನಗ್ತಿದ್ದೋನು ನೀನೊಬ್ಬನೇ.

ಸರಿ, ವಿಷಯಕ್ಕೆ ಬರ್ತೀನಿ. ನಮ್ಮ ಆಫೀಸಿನ ಕ್ಲರ್ಕ್ ಹೇಳ್ದ, ಆವತ್ತಿನ ವಿಡಿಯೋ ತೋರ್ಸಿ ಅಂತ ಅರ್ಜಿ ಹಾಕಿದೀಯಂತೆ. ಆ ತಾಮ್ರದ ತಂತಿ ಕಳವಿನ ಕೇಸಲ್ಲಿ ಕೋರ್ಟು ನಿನ್ನ ಬಿಟ್ಟಾಯ್ತು, ಕೆಲಸ ಸಿಕ್ಕಾಯ್ತು, ಇನ್ನ್ಯಾಕೋ ಇದೆಲ್ಲ? ಆವತ್ತು ಶುಕ್ರವಾರ. ಅಡುಗೆಮನೆ ಕೆಲಸದಿಂದ ನೇರ ಬಂದು ನನ್ನ ಮುಂದೆ ನಿಂತೆ. ಕ್ಯಾಮೆರಾ ಆನ್ ಐತಾ ಸಾರ್, ಅಂದೆ. ಐತೆ, ಹೇಳು ಅಂದೆ ನಾನು. ನೀನು ಅಂಗಿ ಗುಂಡಿ ಹಾಕ್ಕೊಂಡೆ. ಕೂದ್ಲು ಒತ್ಕೊಂಡೆ. ನಾನು ಭೀಮರಾಜ್, ತಂದೆ ಕೊಂಡಪ್ಪ, ತೂಬಗೆರೆ ಅಂತ ಶುರು ಮಾಡ್ದೆ. ಕೈದಿಗಳ ಪಾಲಿನ ಕೋಳಿನ ವಾರ್ಡರ್ ಅಂಬರೀಶ್ ಅವ್ರು ಡಬ್ಬಿ ತುಂಬ್ಕೊಂಡು ಹೋಗ್ತಾರೆ, ನಮಗೆ ಬರೀ ಸಾರು ಬರ್ತೈತೆ, ಅಂತ. ರೇಡಿಯೋದಲ್ಲಿ ವಾರ್ತೆ ಓದ್ದಂಗೆ.

ಆ ವಿಡಿಯೋ ಇಲ್ಲ ಭೀಮ. ಬ್ಯಾಟರಿ ಹೋಗಿತ್ತು.

ಅಷ್ಟು ಜನರ ಮುಂದೆ ಕೇಳಿ, ಇಲ್ಲ ಅನ್ನಿಸ್ಕೊಂಡು ಯಾಕೆ ಅವಮಾನ ಪಡ್ತೀಯ ಅಂತ ಹೇಳೋಕೆ ಬಂದೆ. ಕಾಲು ಜಾರಿ ಬಿದ್ದೆ, ಕೈ ಮುರೀತು ಅಂತ ಹೇಳ್ಬಿಡು. ಅಂಬರೀಶನ ಹೆಂಡ್ತಿ ಹರ್ಷಿತ ಏಳು ತಿಂಗಳ ಬಸುರಿ. ನನಗೆ ರಿಟೈರ್ ಆಗೋಕೆ ಎರಡು ತಿಂಗಳು. ಇಬ್ಬರಿಗೂ ಹೆಚ್ಚು ಕಮ್ಮಿ ಒಂದೇ ಟೈಮಿಗೆ ಬಿಡುಗಡೆ.

ಲೋಟ ಯಾಕೋ ಕೆಳಗಿಟ್ಟೆ? ಬೈಯೋದಾದ್ರೆ ಬೈದ್ಬಿಡು.

...ಬ್ಯಾಟರಿ ಇತ್ತು. ಸರಿನಾ? ತುಂಬಾ ಇತ್ತು. ನಾನೇ ಗುಂಡಿ ಒತ್ತಿರ್ಲಿಲ್ಲ. ಜೊತೇಲಿ ಡ್ಯೂಟಿ ಮಾಡೋನ ಮೇಲಿನ ದೂರನ್ನ ನಾನ್ಯಾಕೆ ಎದೆ ಮೇಲೆ ಹೊತ್ಕೊಂಡು ತಿರುಗ್ಲಿ ಅಂತ ಸುಮ್ನಿದ್ದೆ. ನೀನು ಕೇಳ್ದಾಗ ಐತೆ ಅಂದ್ಬಿಟ್ಟೆ. ಐತೆ ಅನ್ನೋಕೆ ಎಷ್ಟೊತ್ತು? ಹೇಳಿ ಮುಗ್ಸಿ ನೀನು ಕೈ ಮುಗ್ದೆಯಲ್ಲ, ನನಗಲ್ಲ ಮುಗ್ದಿದ್ದು, ಕ್ಯಾಮೆರಾಗೆ.

ಇನ್ನೂ ಯಾಕೆ ಹಂಗೆ ನೋಡ್ತೀಯ? ನಿಜ ಹೇಳಿದ್ನಲ್ಲ.

ಓ. ಅಂಬರೀಶ ಆ ವಿಡಿಯೋ ನೋಡ್ಕೊಂಡೇ ಬಂದು ಹೊಡೆದ ಅಂದ್ಕೊಂಡಿದ್ದೆ ನೀನು, ಇಷ್ಟು ದಿನ. ಈಗ ವಿಡಿಯೋನೇ ಇಲ್ಲ ಅಂದ್ರೆ ಅವನಿಗೆ ಹೆಂಗೆ ಗೊತ್ತಾಯ್ತು ಅಂತ... ಜೈಲು ಕಣಪ್ಪಾ, ಗೋಡೆಗೂ ಬಾಯಿರ್ತದೆ. ಯಾರೋ ಹೇಳಿರ್ತಾರೆ. ಅಲ್ಲಿ ಇನ್ಯಾರಿದ್ರು ಅಂತಾನಾ? ಯಾರೂ ಇರ್ಲಿಲ್ಲ. ನೀನು, ನಾನು.

ಸೈರನ್ ಆಯ್ತು ನೋಡು. ಹೋಗು, ಸೂಪರ್‌ವೈಸರ್ ಬೈತಾನೆ. ...ಹೋಗಲ್ವಾ?

ನಾನೇ ಹೇಳ್ದೆ.

ನಿನ್ನ ಮೇಲೆ ದ್ವೇಷ ಏನಿತ್ತು ನನಗೆ, ಏನೂ ಇರ್ಲಿಲ್ಲ. ತಮಾಷೆಗೆ ಹೇಳ್ದೆ ಕಣೋ. ಸ್ಟಾಫ್ ರೂಮಲ್ಲಿ ಊಟಕ್ಕೆ ಕೂತಿದ್ವಿ. ನೀನು ಗುಂಡಿ ಹಾಕ್ಕೊಂಡಿದ್ದು, ಅಪ್ಪನ ಹೆಸ್ರು ಹೇಳಿದ್ದು, ಆಫ್ ಆಗಿರೋ ಕ್ಯಾಮೆರಾಗೆ ಕೈ ಮುಗಿದಿದ್ದು, ಎಲ್ಲಾನೂ ಎದ್ದು ನಿಂತು ನಿನ್ನಂಗೇ ಮಾಡಿ ತೋರಿಸ್ದೆ. ಎಲ್ರೂ ಬಿದ್ದು ಬಿದ್ದು ನಕ್ರು. ಅಂಬರೀಶಾನೂ ನಕ್ಕ. ನಗ್ತಾನೇ ಕೈ ತೊಳ್ಕೊಂಡು ಹೊರಗೆ ಹೋದ. ಎಲ್ಲಿಗೋ ಅಂತ ನಾನು ಕೇಳ್ಲಿಲ್ಲ. ಸ್ವಲ್ಪ ಹೊತ್ತಿಗೆ ಶೆಡ್ ಕಡೆಯಿಂದ ನೀನು ಕೂಗಿದ್ದು ಕೇಳ್ತು. ಎರಡು ಸಲ ನನ್ನ ಹೆಸರೇ ಕೂಗ್ದೆ.

ಅಂಬರೀಶ ತನ್ನ ಡಬ್ಬಿಯಿಂದ ಹಾಕಿಕೊಟ್ಟಿದ್ದ ಕೋಳಿ ಇನ್ನೂ ತಟ್ಟೇಲಿ ಎರಡು ಪೀಸ್ ಇತ್ತು. ತಿಂದು ಮುಗಿಸ್ದೆ, ಭೀಮ.