ಹತ್ತಿಗೆ ಬಂದ ಕೆಂಪು

ಇದನ್ನ ಹಗಲಲ್ಲಿ ಹೇಳಿದ್ರೆ ನೀವು ನಗ್ತೀರಿ. ಅದಕ್ಕೇ ಈಗ ಹೇಳ್ತಿದೀನಿ. ನಡೆದದ್ದು ನಮ್ಮ ದೊಡ್ಡಮ್ಮನ ಮಗಳಿಗೆ. ನನಗಿಂತ ದೊಡ್ಡೋಳು, ಅಕ್ಕ ಅಂತೀನಿ. ಮ್ಯೂಸಿಯಂನಲ್ಲಿ ಕೆಲಸ. ಹಳೇ ಕಂಚಿನ ವಿಗ್ರಹಗಳಿಗೆ ಚಿನ್ನದ ಲೇಪ ಯಾವ ರೀತೀಲಿ ಹಾಕಿದ್ರು ಅಂತ ಪತ್ತೆ ಹಚ್ಚೋದು. ಹೆದರುಪುಕ್ಕಲಿ ಅಂತೂ ಅಲ್ಲ. ಹಲ್ಲಿ ಕಂಡ್ರೆ ಕೈಯಲ್ಲೇ ಹಿಡಿದು ಆಚೆ ಬಿಡೋಳು.

ಆ ರಾತ್ರಿ ಒಂಬತ್ತೂವರೆ ದಾಟಿತ್ತು. ಕೆಲಸ ಮುಗಿಸಿ ಹಿಂದಿನ ಗಲ್ಲಿಯಲ್ಲಿ ಮನೆಗೆ ಹೊರಟಿದ್ಲು. ಅಲ್ಲೊಂದು ಪಾಳುಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅದರ ಹತ್ರ ಬಂದಾಗ ಸದ್ದು ಕೇಳಿಸ್ತು.

ಸರ್ರ್... ಸರ್ರ್... ಸರ್ರ್...

ಇಲಿ ಅಲ್ಲ. ಒಣ ಎಲೆಯೂ ಅಲ್ಲ. ಹೊಳಪು ಬರಿಸೋಕೆ ನುಣುಪು ಕಲ್ಲಿನಿಂದ ಲೋಹ ಉಜ್ಜೋ ಸದ್ದು. ಮೂರು ಸಲ ಉಜ್ಜೋದು, ಒಂದು ಗಳಿಗೆ ನಿಲ್ಲೋದು. ಹಾಗೆ ಉಜ್ಜೋರು ಅವಳಿಗೆ ಗೊತ್ತಿದ್ದೋರು ಒಬ್ಬರೇ. ಮೇಷ್ಟ್ರು.

ಮೇಷ್ಟ್ರು ತೀರಿಹೋಗಿ ನಲವತ್ತು ದಿನ ಆಗಿತ್ತು.

ಅಕ್ಕನಿಗೆ ಕೆಲಸ ಕಲಿಸಿದ್ದೇ ಅವರು. ಚಿನ್ನದ ರೇಕು ಕಾಗದಕ್ಕಿಂತ ತೆಳು, ಉಸಿರು ತಾಗಿದ್ರೂ ಹಾರಿಹೋಗುತ್ತೆ. ಅದಕ್ಕೇ ಜೀವಮಾನವಿಡೀ ಮುಖ ಪಕ್ಕಕ್ಕೆ ತಿರುಗಿಸಿ ಪಿಸುಗುಟ್ಟೋ ಅಭ್ಯಾಸ ಅವರಿಗೆ. ಹೋದ ವರ್ಷ ಮ್ಯೂಸಿಯಂಗೆ ಮೊಳದುದ್ದದ ಒಂದು ವಿಗ್ರಹ ಬಂತು. ಅಕ್ಕ ಯಂತ್ರ ಇಟ್ಟು ನೋಡಿದ್ಲು. ಪಾದರಸ ತೋರಿಸ್ತು. ಚಿನ್ನಾನ ಪಾದರಸದಲ್ಲಿ ಕಲಸಿ, ಬಳಿದು, ಬೆಂಕಿಗೆ ಹಿಡಿದು ಮಾಡಿದ ಲೇಪ ಇದು ಅಂತ ತುಂಬಿದ ಸಭೆಯಲ್ಲಿ ಹೇಳಿದ್ಲು. ಮೇಷ್ಟ್ರು ಎದ್ದು ನಿಂತ್ರು.

"ಇಲ್ಲಮ್ಮ, ಇದು ರೇಕು ಅಂಟಿಸಿದ್ದು. ಕಿವಿ ಹಿಂದೆ ನೋಡು, ರೇಕಿನ ಮೇಲೆ ರೇಕು ಕೂತ ಗೆರೆ ಇರುತ್ತೆ. ಪಾದರಸ ಬಂದಿರೋದು ರೇಕಿನ ಅಡಿಗೆ ಬಳಿದ ಕೆಂಪು ಬಣ್ಣದಿಂದ, ಅದು ಇಂಗಳೀಕ, ಅದರಲ್ಲೇ ಪಾದರಸ ಇರುತ್ತೆ."

"ಮೇಷ್ಟ್ರೇ, ಮೊದಲು ಕನ್ನಡಕ ಬದಲಾಯಿಸಿ," ಅಂದ್ಲು ಅಕ್ಕ. ಸಭೆ ಗೊಳ್ಳಂತ ನಕ್ತು. ಆಮೇಲೆ ಮ್ಯೂಸಿಯಂನೋರು ಅವರನ್ನ ಕರೆಯೋದೇ ಬಿಟ್ರು.

ತಿಂಗಳು ಕಳೀತು. ಒಬ್ಬಳೇ ಕೂತು ವಿಗ್ರಹ ಶುಚಿ ಮಾಡ್ತಿದ್ದಾಗ ಕಿವಿ ಹಿಂದೆ ಗೆರೆ ಕಾಣಿಸ್ತು. ಕೂದಲೆಳೆಯಷ್ಟು. ಅಷ್ಟೊತ್ತಿಗೆ ಅವಳ ವರದಿ ಅಚ್ಚಾಗಿತ್ತು, ಚಪ್ಪಾಳೆನೂ ಬಿದ್ದಿತ್ತು. ಅಕ್ಕ ಬಾಗಿಲ ಕಡೆ ನೋಡಿದ್ಲು... ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ತಗೊಂಡು ಗೆರೆ ಅಳಿಸೋವರೆಗೂ ಉಜ್ಜಿದ್ಲು. ಹತ್ತಿಗೆ ಕೆಂಪು ಬಂತು. ಅದನ್ನ ಕಸದ ಬುಟ್ಟಿಗೆ ಹಾಕಿದ್ಲು. ಯಾರೂ ನೋಡಿರಲಿಲ್ಲ.

ಮೇಷ್ಟ್ರು ಹೋದಾಗ ಕೊನೇ ಸಲ ಮುಖ ನೋಡೋಕೂ ಹೋಗಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ತಾಳೆ?

ಈಗ ಬಾವಿಕಟ್ಟೆ ಮೇಲೆ ಯಾರೋ ಕೂತಿದ್ರು. ಮುಖ ಪಕ್ಕಕ್ಕೆ ತಿರುಗಿತ್ತು.

"ಹತ್ತಿಗೆ ಕೆಂಪು ಬಂತಾ, ಮಗಳೇ?"

ಅಕ್ಕನಿಗೆ ಓಡಿಹೋಗಬೇಕು ಅನ್ನಿಸಲಿಲ್ವಂತೆ. ನೆಲ ಬಾಯಿ ಬಿಡಬಾರದಾ ಅನ್ನಿಸ್ತಂತೆ.

"ಬಂತು... ಮೇಷ್ಟ್ರೇ."

"ಬರೆದಿಟ್ಯಾ?"

"ಇಲ್ಲ..."

"ಬರೆದಿಡಬೇಕಮ್ಮ. ಮುಂದೆ ನೋಡೋರಿಗೆ ಬೇಕಾಗುತ್ತೆ."

ಅಷ್ಟೇ. ಹಳೇ ಪಾಠದ ದನಿಯಲ್ಲೇ. ನಾಲ್ಕು ಬೈದಿದ್ರೆ ಎಷ್ಟೋ ಹಗುರಾಗ್ತಿತ್ತು ಅಂತಾಳೆ ಅಕ್ಕ. ಅವಳು ಕಣ್ಣು ಒರೆಸಿಕೊಂಡು ನೋಡೋಷ್ಟರಲ್ಲಿ ಕಟ್ಟೆ ಖಾಲಿ.

ಬೆಳಿಗ್ಗೆ ಎಲ್ಲರೆದುರು ನಿಂತು ಒಪ್ಪಿಕೊಂಡ್ಲು. ಗೆರೆ, ಹತ್ತಿ, ಕೆಂಪು, ಒಂದೂ ಬಿಡದೆ ಬರೆದುಕೊಟ್ಲು. ವರದಿ ವಾಪಸ್ ಆಯ್ತು, ಅವಳ ಹುದ್ದೆನೂ ಇಳೀತು. ಸಂಜೆ ಮೇಷ್ಟ್ರ ಮನೆಗೆ ಹೋದ್ಲು. ಅವರ ಹೆಂಡತಿ ಪೂರ್ತಿ ಕೇಳಿಸಿಕೊಂಡ್ರು.

"ನಿನ್ನ ಮೇಲೆ ಒಂದು ಮಾತೂ ಆಡಲಿಲ್ಲಮ್ಮ ಅವರು. 'ನಮ್ಮ ಹುಡುಗಿ, ಇವತ್ತಲ್ಲ ನಾಳೆ ನೋಡ್ತಾಳೆ ಬಿಡು' ಅಂತಿದ್ರು."

ಈ ಮಾತು ಹೇಳೋವಾಗ ಅಕ್ಕ ಇವತ್ತಿಗೂ ತಲೆ ಎತ್ತಲ್ಲ.

ದಣಿದಿದ್ಲು, ಏನೋ ಭ್ರಮೆ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದ್ರೆ ಮ್ಯೂಸಿಯಂ ಗೇಟಿನ ಕಾವಲುಗಾರ ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದೋನು. ಮೇಷ್ಟ್ರು ಯಾರು ಅಂತಲೇ ಅವನಿಗೆ ಗೊತ್ತಿಲ್ಲ. ಅವನು ಅಕ್ಕನಿಗೆ ಹೇಳಿದ್ದಿಷ್ಟು: "ಮೇಡಂ, ರಾತ್ರಿ ನೀವು ಹೋದ ಮೇಲೆ ಒಬ್ರು ವಯಸ್ಸಾದೋರು ಒಳಗೆ ಹೋದ್ರು."

ಗೇಟಿನ ಪುಸ್ತಕ ನಾನೇ ಹೋಗಿ ನೋಡಿ ಬಂದಿದೀನಿ, ಕಣ್ಣಾರೆ. ಬಂದ ಸಮಯ ಒಂಬತ್ತು ಐವತ್ತು. ಸಹಿ ಮೇಷ್ಟ್ರದ್ದೇ. ಹೊರಟ ಸಮಯದ ಜಾಗ ಮಾತ್ರ ಇನ್ನೂ ಖಾಲಿ ಇದೆ.