ಗೋಲ್‌ಕೀಪರನ ಟವೆಲ್

ಸವಣೂರು ಬಿಟ್ಟು ಬೇರೆ ಊರಿನ ಪರ ಫುಟ್‌ಬಾಲ್ ಆಡುವುದಿಲ್ಲವೆಂದು ಗೋಲ್‌ಕೀಪರ್ ದ್ಯಾಮಪ್ಪ ಮೀಸೆ ಮೂಡುವ ಮುಂಚೆಯೇ ಮಾತು ಕೊಟ್ಟಿದ್ದ. ಈಗ ಮುಖಕ್ಕೆ ಟವೆಲ್ ಸುತ್ತಿಕೊಂಡು ಸವಣೂರಿನ ನಿಲ್ದಾಣದಲ್ಲಿ ಹಾನಗಲ್ ಬಸ್ಸು ಕಾಯುತ್ತಿದ್ದ. ಪಕ್ಕದಲ್ಲೇ ಊರಿನ ಹಿರಿಯರಾದ ಪರಮೇಶ್ವರಪ್ಪನೂ ಖಾದರಸಾಬನೂ ಬಂದು ಕುಳಿತರು.

“ನಮ್ಮ ದ್ಯಾಮ್ಯಾನ ಮಣಕಾಲು ಹ್ಯಾಂಗೈತ್ರಿ, ಸಾಬ್ರ?”

“ಏಳಾಕ ಬರವಲ್ದಂತ. ನಾಳೆ ಹಾನಗಲ್ ಜೋಡಿ ಮ್ಯಾಚ್ ಆಡಂಗಿಲ್ಲಂತ.”

“ಹಾನಗಲ್ ಟೀಮಿನ ಮಾಲೀಕ ಈ ಬ್ಯಾಸಗ್ಯಾಗ ಅವಂಗ ಮಾವ ಆದ್ನಲ್ಲ?”

“ಮಗಳ್ನೂ ಕೊಟ್ಟಾನ, ಬೂಟೂ ಕೊಟ್ಟಾನ. ಆದ್ರೂ ನಮ್ಮ ಹುಡುಗ ಮಾತು ತಪ್ಪಾಂವ ಅಲ್ಲ ಬಿಡ್ರಿ.”

ಟವೆಲ್ಲಿನೊಳಗೆ ದ್ಯಾಮಪ್ಪ ಬೆವೆತ.

ಬಸ್ಸು ಬಂತು, ಜನ ನುಗ್ಗಿದರು. ದ್ಯಾಮಪ್ಪ ಎಲ್ಲರಿಗಿಂತ ಮುಂದೆ ಓಡಿ, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ. ಮುಖ ಬಯಲಾಯಿತು.

“ಮಣಕಾಲು ಭಾಳ ಲಗೂ ಆರಾಮಾತು ನೋಡ್ರಿ, ಸಾಬ್ರ!”

“ಮಾವನ ಮನಿ ಔಷಧ, ಪರಮೇಶಣ್ಣ!”

ಇಬ್ಬರೂ ನಗುತ್ತ ಚಹಾದಂಗಡಿಯತ್ತ ನಡೆದರು.

ಮರುದಿನ ದ್ಯಾಮಪ್ಪ ಸವಣೂರಿನ ವಿರುದ್ಧ ಹಾನಗಲ್ಲಿನ ಗೋಲು ಕಾದ.