ಹೊರಗಿನ ಚಿಲಕ

ದಯೆ, ದಯೆ ಎಂದು ನಾವು ಬಹಳ ಮಾತಾಡುತ್ತೇವೆ. ಶ್ರಾವಣ ಬಂತೆಂದರೆ ಇನ್ನೂ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇವೆ. ಇವತ್ತು ಒಂದು ಬಾಗಿಲಿನ ಕಥೆ ಹೇಳುತ್ತೇನೆ, ಕೇಳಿ.

ಒಂದೂರಿನಲ್ಲಿ ಒಂದು ಚಾಳ ಇತ್ತು. ಎದುರುಬದುರು ಎಂಟು ಮನೆ, ನಡುವೆ ಒಂದೇ ಅಂಗಳ. ಜನ ಕೆಟ್ಟವರಲ್ಲ. ನೋಡಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವರ ಕಥೆ ಎಂದ ಕೂಡಲೇ ನೀವೆಲ್ಲ ಆರಾಮಾಗಿ ಗೋಡೆಗೆ ಒರಗಿ ಕೂರುತ್ತೀರಿ. ಒಂದು ಮನೆಯಲ್ಲಿ ಹೋಳಿಗೆ ಮಾಡಿದರೆ ಎಂಟೂ ಮನೆಗೆ ಹೋಗುತ್ತಿತ್ತು. ಸೋಮವಾರ ಸಂಜೆ ಬಸಲಿಂಗವ್ವನ ಮನೆಯಲ್ಲಿ ತಪ್ಪದೆ ಭಜನೆ. ಅಂಥ ಚಾಳ.

ಬಸಲಿಂಗವ್ವನ ಎದುರು ಮನೆಯಲ್ಲಿ ಶಿವಲೀಲಾ ಎಂಬ ತಾಯಿ ಇದ್ದಳು. ಗಂಡನಿಗೆ ಬೇರೆ ಊರಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಮಗ ಸಂಗಮೇಶ ಹದಿನಾರರ ಹುಡುಗ, ತಾಯಿಗಿಂತ ಎತ್ತರ, ಚಿಗುರು ಮೀಸೆ. ಬಾಯಲ್ಲಿ ಮಾತ್ರ ಒಂದು ಮಾತಿಲ್ಲ. ಡಾಕ್ಟರು ಅದಕ್ಕೆ ಆಟಿಸಂ ಎಂದರು, ತೀವ್ರವಾದದ್ದು ಎಂದರು. ಹಸಿದರೆ ಬಾಗಿಲು ಬಡಿಯುತ್ತಿದ್ದ. ಹೊಟ್ಟೆ ನೋವಾದರೂ ಬಾಗಿಲೇ ಬಡಿಯುತ್ತಿದ್ದ. ಕುಕ್ಕರು ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ತಲೆಯನ್ನೇ ಗೋಡೆಗೆ ಬಡಿಯುತ್ತಿದ್ದ. ಮಾತಿಲ್ಲದವನು ಮತ್ತೇನು ಮಾಡಬೇಕು, ಹೇಳಿ? ಸಂಜೆಯಾದರೆ ಅಂಗಳದ ನೀರಿನ ಟಾಕಿಯ ತನಕ ಹೋಗಿ, ಅದರ ತಣ್ಣನೆ ಮೈಗೆ ಕೆನ್ನೆ ಹಚ್ಚಿ ಸ್ವಲ್ಪ ಹೊತ್ತು ನಿಲ್ಲಬೇಕು ಅವನಿಗೆ. ಅದೊಂದು ಆಗಿಬಿಟ್ಟರೆ ರಾತ್ರಿಯೆಲ್ಲ ಶಾಂತವಾಗಿರುತ್ತಿದ್ದ.

ಅವನಿಗಾಗಿ ತಾಯಿ ಅಲೆಯದ ಜಾಗವಿಲ್ಲ. ವಿಶೇಷ ಶಾಲೆಯವರು, "ದೊಡ್ಡಾವಾಗ್ಯಾನ, ಹೊಡೀತಾನ್ರೀ, ಉಳದ ಹುಡುಗ್ರು ಅಂಜತಾವು" ಎಂದು ವಾಪಸ್ ಕಳಿಸಿದರು. ಕಚೇರಿಗೆ ಹೋಗಿ ಅಂಗವಿಕಲರ ಪ್ರಮಾಣಪತ್ರ ಕೇಳಿದರೆ ಗುಮಾಸ್ತ ಹುಡುಗನನ್ನು ಮೇಲಿಂದ ಕೆಳಗೆ ನೋಡಿದ. "ಕೈ ನೆಟ್ಟಗ ಅದಾವು, ಕಾಲು ನೆಟ್ಟಗ ಅದಾವು. ಮತ್ತ ಯಾವ ಅಂಗ ವಿಕಲ ಆಗೇತ್ರೀ ಬಾಯರ?" ನಗಬೇಡಿ! ಶಬ್ದದಲ್ಲಿ ಅಂಗ ಅಂತ ಇದೆಯಲ್ಲ, ಅವನು ಅಂಗ ಹುಡುಕಿದ. ನಾವು ಬೇರೆಯೇ? ಕಣ್ಣಿಲ್ಲದವರನ್ನು ಕೈ ಹಿಡಿದು ರಸ್ತೆ ದಾಟಿಸುತ್ತೇವೆ. ಕಿರುಚುವ ಕಷ್ಟ ಎದುರಿಗೆ ಬಂದರೆ ಕಿಟಕಿ ಮುಚ್ಚಿಕೊಳ್ಳುತ್ತೇವೆ.

ಒಂದು ಸೋಮವಾರ ಹೀಗಾಯಿತು. ಟಾಕಿಗೆ ಹೊರಟಿದ್ದ ಸಂಗಮೇಶ ತಾಳದ ಸದ್ದಿಗೆ ಗಾಬರಿಯಾಗಿ ಭಜನೆಯ ನಡುವೆಯೇ ನುಗ್ಗಿಬಿಟ್ಟ. ಆರತಿ ತಟ್ಟೆ ಉರುಳಿತು, ಒಬ್ಬ ಅಜ್ಜಿಯ ಸೀರೆಗೆ ಕಿಡಿ ತಾಗಿತು. ಶಿವಲೀಲಾ ಮನೆಮನೆಗೆ ಹೋಗಿ ಕೈಮುಗಿದಳು. "ಇರ್ಲಿ ಬಿಡವಾ, ಪಾಪ, ಅದಕ್ಕೇನ್ ತಿಳೀತೈತಿ" ಎಂದರು ಎಲ್ಲರೂ. ಎಂಥ ಜನ ಸಿಕ್ಕಿದ್ದಾರೆ ನನಗೆ ಎಂದು ಅವಳ ಕಣ್ಣು ತುಂಬಿ ಬಂತು.

ಮುಂದಿನ ಸೋಮವಾರ ಸಂಜೆ ಬಾಗಿಲು ಎಳೆದರೆ ಬರಲಿಲ್ಲ. ಮಳೆಗೆ ಕಟ್ಟಿಗೆ ಉಬ್ಬಿರಬೇಕು ಎಂದುಕೊಂಡಳು. ಭಜನೆ ಮುಗಿದು ಸ್ವಲ್ಪ ಹೊತ್ತಿಗೆ ಎಳೆದರೆ ಸಲೀಸಾಗಿ ಬಂತು. ಇನ್ನೊಂದು ಸೋಮವಾರವೂ ಹಾಗೇ ಆಯಿತು. ಬಾಗಿಲ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟಳು, ಪುಣ್ಯಾತಗಿತ್ತಿ!

ಮೂರನೆಯ ಸೋಮವಾರ ಹುಡುಗನಿಗೆ ತಡೆಯಲಾಗಲಿಲ್ಲ. ಬಾಗಿಲು ಬಡಿದ, ತಲೆ ಬಡಿದ, ಕೊನೆಗೆ ಬಾಗಿಲ ಪಕ್ಕದ ಕಿಟಕಿಗೆ ಕೈ ಬೀಸಿದ. ಗಾಜು ಒಡೆದು ಮಣಿಕಟ್ಟು ಸೀಳಿತು. ರಕ್ತ ಚಿಮ್ಮಿತು. ತಾಯಿ ಸೆರಗು ಹರಿದು ಬಿಗಿದಳು, ಸೆರಗು ನೆನೆಯಿತು. ಟವೆಲು ಸುತ್ತಿದಳು, ಅದೂ ನೆನೆಯಿತು. ಯಾರನ್ನಾದರೂ ಕರೆಯೋಣವೆಂದು ಒಡೆದ ಕಿಟಕಿಯ ಸರಳಿಗೆ ಮುಖ ಒತ್ತಿ ಹೊರಗೆ ನೋಡಿದಳು. ಅವಳ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

ಕಟ್ಟಿಗೆ ಉಬ್ಬಿರಲೇ ಇಲ್ಲ! ಹೋಳಿಗೆ ತಂದುಕೊಟ್ಟ ಕೈಗಳೇ ಪ್ರತಿ ಸೋಮವಾರ ಬಂದು ಸದ್ದಿಲ್ಲದೆ ಚಿಲಕ ಹಾಕಿ, ಮಂಗಳಾರತಿಯಾದ ಮೇಲೆ ಸದ್ದಿಲ್ಲದೆ ತೆಗೆದು ಹೋಗುತ್ತಿದ್ದವು. ಉಳಿದ ಏಳು ಮನೆಗಳಲ್ಲಿ ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಒಬ್ಬರೂ!

ಆಂಬುಲೆನ್ಸಿಗೆ ಫೋನು ಮಾಡಿದಳು. ಬಸಲಿಂಗವ್ವನಿಗೆ ಮಾಡಿದಳು, ಭಜನೆಗೆ ಭಂಗ ಬರಬಾರದೆಂದು ಅವಳು ಫೋನಿನ ಸದ್ದು ತೆಗೆದಿಟ್ಟಿದ್ದಳು. ಸರಳಿನ ಸಂದಿಯಿಂದ ಕೈ ಚಾಚಿದರೆ ಚಿಲಕ ಎಟುಕಲಿಲ್ಲ. ಕೂಗಿದರೆ ತಾಳದಲ್ಲಿ ಮುಳುಗಿತು. ಕೂಗಿ ಕೂಗಿ ಗಂಟಲು ಕಟ್ಟಿ, ಮಾತೇ ಹೊರಡದೆ, ಎರಡೂ ಕೈಯಿಂದ ಬಾಗಿಲು ಬಡಿದಳು. ಮಗ ಬಡಿಯುತ್ತಿದ್ದ ಹಾಗೆಯೇ ಬಡಿದಳು.

ಎದುರು ಮನೆಯಲ್ಲಿ ಆ ಸದ್ದು ಕೇಳಿಸಿತು. "ಇವತ್ತ ಆ ಹುಡುಗಗ ಭಾಳ ಜೋರಾಗೇತಿ" ಎಂದರು ಯಾರೋ. "ಮೈಕಿನ ದನಿ ಸ್ವಲ್ಪ ಏರಸ್ರೀ" ಎಂದಳು ಬಸಲಿಂಗವ್ವ. ಏರಿಸಿದರು.

ಕೊನೆಗೆ ಆ ಚಿಲಕ ತೆಗೆದವರು ಆಂಬುಲೆನ್ಸಿನವರು. ತಾಯಿ ಮಗನ ಕೈಯನ್ನು ಮೇಲೆತ್ತಿ ಹಿಡಿದು ಹೊಸ್ತಿಲಲ್ಲೇ ಕುಸಿದಿದ್ದಳು. ಮಗನ ಮುಖ ಬಿಳಿಚಿ ಹೋಗಿತ್ತು. "ಇದನ್ನ ಹೊರಗಿಂದ ಯಾರ್ ಹಾಕ್ಯಾರ್ರೀ?" ಎಂದು ಅವರಲ್ಲೊಬ್ಬ ಗಟ್ಟಿಯಾಗಿ ಕೇಳಿದ. ಭಜನೆ ನಿಂತಿತು. ಬಸಲಿಂಗವ್ವ ಓಡಿ ಬಂದು, ರಕ್ತ ನೋಡಿ ಬಾಯಿ ಬಾಯಿ ಬಡಿದುಕೊಂಡಳು. "ಯವ್ವಾ ಶಿವಲೀಲಾ, ಬಡೀಲಿಕ್ಕತ್ತಾಕಿ ನೀ ಅಂತ ಗೊತ್ತಾಗಲಿಲ್ಲವಾ! ನಿನ್ನ ಮಗಾ ಬಡೀಲಿಕ್ಕತ್ತಾನ ಅಂತ ತಿಳಕೊಂಡ್ವಿ!"

ಸ್ಟ್ರೆಚರಿನ ಹಿಂದೆ ಓಡುತ್ತಿದ್ದ ತಾಯಿ ಒಂದು ಕ್ಷಣ ನಿಂತಳು.

"ನನ್ನ ಮಗಾ ಬಡದ್ರ ತೆಗೀಬಾರದೇನ್ರೀ, ಅಕ್ಕಾರ?"

ಹುಡುಗ ಉಳಿದ. ಅಷ್ಟಕ್ಕೇ ಉಸಿರು ಬಿಡಬೇಡಿ. ಆ ಪ್ರಶ್ನೆ ಇನ್ನೂ ಅಂಗಳದಲ್ಲೇ ನಿಂತಿದೆ. ಬಡಿತ ಎಲ್ಲರಿಗೂ ಕೇಳಿಸಿತ್ತು, ನೋಡಿ! ಅಮ್ಮ ಬಡಿಯುತ್ತಿದ್ದಾಳೆ ಎಂದು ಗೊತ್ತಾಗಿದ್ದರೆ ಏಳೂ ಮನೆ ಓಡಿ ಬರುತ್ತಿತ್ತು. ಹುಡುಗ ಎಂದುಕೊಂಡರು, ಕೂತೇ ಇದ್ದರು. ಹದಿನಾರು ವರ್ಷ ಅವನು ಬಡಿದದ್ದು ಅವರಿಗೆ ಬರೀ ಗದ್ದಲ. ಬಾಯಲ್ಲಿ 'ಪಾಪ' ಎಂದರು, ಕೈಯಲ್ಲಿ ಪಾಪ ಮಾಡಿದರು.

ನಿಮ್ಮ ಓಣಿಯಲ್ಲಿ ಅಂಥ ಮನೆ ಇಲ್ಲವೇ? ಇದೆ. ನಿಮಗೆ ಈಗಾಗಲೇ ನೆನಪಾಗಿದೆ, ಕೆಲವರು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ನಾಳೆ ಬೆಳಿಗ್ಗೆ ಆ ಮನೆಗೆ ಹೋಗಿ. ನಿಮ್ಮ ಮಗ ಎಷ್ಟು ಹೊತ್ತಿಗೆ ಹೊರಗೆ ಬರುತ್ತಾನೆ, ಯಾವ ಸದ್ದಿಗೆ ಅಂಜುತ್ತಾನೆ ಎಂದು ಆ ತಾಯಿಯನ್ನು ಕೇಳಿ. ಅಷ್ಟು ಹೊತ್ತು ಮೈಕು ಬಂದ್ ಮಾಡಿದರೆ ಯಾವ ದೇವರೂ ಮುನಿಯುವುದಿಲ್ಲ. ಅವಳು ಕಚೇರಿಗೆ ಹೋಗುವ ದಿನ ಜೊತೆಗೆ ಹೋಗಿ. ಗುಮಾಸ್ತ ಒಬ್ಬಳನ್ನು ಕಂಡರೆ ಗದರುತ್ತಾನೆ, ನಾಲ್ಕು ಜನರನ್ನು ಕಂಡರೆ ಕುರ್ಚಿ ಕೊಡುತ್ತಾನೆ. ಆ ಹುಡುಗನ ಹತ್ತಿರ ಅರ್ಧ ತಾಸು ಕೂತು ಬನ್ನಿ, ತಾಯಿ ಒಂದು ಬಿಸಿ ರೊಟ್ಟಿಯನ್ನು ಕೂತು ತಿನ್ನಲಿ.

ಆ ಮನೆಯ ಬಾಗಿಲು ಬಡಿದ ಸದ್ದು ಕೇಳಿದರೆ, ಯಾರು ಬಡಿಯುತ್ತಿದ್ದಾರೆ ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಭಜನೆ ನಡೆದಿದ್ದರೆ ಭಜನೆ ಬಿಟ್ಟು ಏಳಿ. ನಾನು ಇಲ್ಲಿ ಕೂತು ಮಾತಾಡುತ್ತಿದ್ದರೆ, ನನ್ನ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ, ಬಾಗಿಲು ತೆಗೆಯಿರಿ.